ದಡಾರದ ಸೂಜಿಗೆ ಒಂದೇ ಸಾಲು

ಹೊಲಿಗೆ ಅಕ್ಕ ಆ ದಿನ ಅಂಗಿಯೊಂದಕ್ಕೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಇಟ್ಟು ಹೊಲಿದುಬಿಟ್ಟಳು. ಮದುವೆಯಾದಾಗಿನಿಂದ ಮಷಿನ್ ತುಳಿದವಳು, ಹೀಗೆ ಎಂದೂ ಮಾಡಿದವಳಲ್ಲ.

"ಕೈ ಇಲ್ಲಿದೆ, ತಲೆ ಎಲ್ಲಿದೆ?" ಎಂದ ಗಂಡ, ಬಸ್ ಓಡಿಸಿ ನಿವೃತ್ತನಾದ ಡ್ರೈವರ್.

ತಲೆ ಬೀದಿಯ ಕೊನೆಯ ಹಳೇ ಹತ್ತಿ ಗೋದಾಮಿನಲ್ಲಿತ್ತು. ಗಡಿಯಾಚೆಯ ಯುದ್ಧಕ್ಕೆ ಹೆದರಿ ಉಟ್ಟ ಬಟ್ಟೆಯಲ್ಲಿ ಓಡಿ ಬಂದ ನಿರಾಶ್ರಿತರನ್ನು ಅಲ್ಲಿ ಇರಿಸಿದ್ದರು. ಅವರು ಬಂದಾಗಿನಿಂದ ಬೀದಿಯಲ್ಲಿ ಬಾಯಿಗೊಂದು ಮಾತು. ಅವರಿಗೆ ಎಲ್ಲವೂ ಪುಕ್ಕಟೆ ಎಂದು ಬೆಳಗ್ಗೆ ಕೇಳಿಬಂದರೆ, ಪಾಪ ಹೊಟ್ಟೆಗೆ ಗತಿಯಿಲ್ಲ ಎಂದು ಸಂಜೆ ಕೇಳಿಬರುತ್ತಿತ್ತು. ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು?

ಅಷ್ಟರಲ್ಲಿ ಹೋಟೆಲಿನವರ ಮಗಳಿಗೆ ದಡಾರ ಎದ್ದಿತು. ಸುಡುವ ಜ್ವರ, ಕೆಂಪು ಕಣ್ಣು, ಮೈತುಂಬ ದದ್ದು. ಗೋದಾಮಿನವರೇ ತಂದದ್ದು ಎಂದು ಬೀದಿ ತೀರ್ಮಾನಿಸಿತು. ಗುರುವಾರ ಆಸ್ಪತ್ರೆಯಲ್ಲಿ ದಡಾರದ ಸೂಜಿ ಹಾಕುವಾಗ ಅವರು ನಮ್ಮ ಸಾಲಿನಲ್ಲಿ ನಿಲ್ಲಬಾರದು ಎಂದು ಸಭೆ ಸೇರಿ ಹೇಳಿತು. ಮನೆಯಲ್ಲಿ ನಾಲ್ಕು ತಿಂಗಳ ಮೊಮ್ಮಗ. ಹೊಲಿಗೆ ಅಕ್ಕನೂ ಕೈ ಎತ್ತಿದಳು. ಇಳಿಸಿದ ಮೇಲೆ, ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ಒದ್ದಾಡಿದಳು.

ಮರುದಿನ ಮಗುವನ್ನು ನೋಡಲು ನರ್ಸಮ್ಮ ಬಂದರು.

"ಇವನಿಗೂ ದಡಾರದ ಸೂಜಿ ಹಾಕಿಬಿಡಿ ನರ್ಸಮ್ಮ," ಎಂದಳು ಹೊಲಿಗೆ ಅಕ್ಕ.

"ಇವನು ಇನ್ನೂ ತೀರಾ ಚಿಕ್ಕವನಮ್ಮ. ಒಂಬತ್ತು ತಿಂಗಳು ತುಂಬಲಿ. ಅಲ್ಲೀವರೆಗೂ ಸುತ್ತಮುತ್ತಲಿನ ಮಕ್ಕಳೆಲ್ಲ ಹಾಕಿಸ್ಕೊಂಡಿರ್ಬೇಕು. ಅವರಿಗೆ ಬರ್ಲಿಲ್ಲ ಅಂದ್ರೆ ಇವನ ಹತ್ರ ತರೋರು ಯಾರು?"

"ಗೋದಾಮಿನ ಮಕ್ಕಳೂನಾ?"

"ಗೋದಾಮೇನು ಬೇರೆ ಊರಲ್ಲಿದೆಯಾ? ಈ ಬೀದೀಲೇ ಇದೆಯಲ್ಲ."

ಡ್ರೈವರ್ ಮೂಗು ಮುರಿದ. "ಅವರಿಗೆಲ್ಲ ಹಾಕಿದ್ರೆ ನಮ್ಮೋರಿಗೆ ಏನು ಉಳಿಯುತ್ತೆ?"

"ಜನ ಎಷ್ಟಿದ್ದಾರೋ ಅಷ್ಟು ಔಷಧಿ ಕೇಳಿ ತರಿಸ್ತೀವಿ. ಈ ಸಲ ಅವರನ್ನೂ ಸೇರಿಸೇ ತರಿಸಿದೀವಿ. ಯಾರ ಪಾಲೂ ಯಾರಿಗೂ ಹೋಗಲ್ಲ."

"ರೋಗ ತಂದೋರು ಅವರೇ ಅಲ್ವಾ ಮತ್ತೆ?"

ನರ್ಸಮ್ಮ ಬಾಯಿ ತೆರೆಯುವ ಮೊದಲೇ ಸೊಸೆ ಹೇಳಿದಳು: "ಅಲ್ಲ ಮಾವ, ಹೋಟೆಲಿನವರ ಮಗಳು ರಜೆಗೆ ಸೋದರತ್ತೆ ಮನೆಗೆ ಹೋಗಿದ್ಲು. ಅಲ್ಲಿ ಮಕ್ಕಳಿಗೆ ದಡಾರ ಎದ್ದಿತ್ತಂತೆ. ಅವರಮ್ಮನೇ ಹೇಳಿದ್ರು."

"ಹಾಗಾದ್ರೆ ಬೀದಿಯೆಲ್ಲ ಹೇಳಿದ್ದು?" ಹೊಲಿಗೆ ಅಕ್ಕ ಕಣ್ಣು ಕಣ್ಣು ಬಿಟ್ಟಳು.

"ಬೀದಿಯೋರು ಯಾರಾದ್ರೂ ಹೋಗಿ ಗೋದಾಮಿನೋರನ್ನ ಕೇಳಿದ್ರಾ?" ಎಂದರು ನರ್ಸಮ್ಮ.

ಯಾರೂ ಕೇಳಿರಲಿಲ್ಲ. ಅದೇ ಮಧ್ಯಾಹ್ನ ಹೊಲಿಗೆ ಅಕ್ಕ ಸೊಸೆಯನ್ನು ಕರೆದುಕೊಂಡು ಹೊರಟಳು.

ಗೋದಾಮಿನೊಳಗೆ ಹಗ್ಗ ಕಟ್ಟಿ ದುಪ್ಪಟಿ ಇಳಿಬಿಟ್ಟಿದ್ದರು. ಒಂದೊಂದು ದುಪ್ಪಟಿಯ ಹಿಂದೆ ಒಂದೊಂದು ಸಂಸಾರ. ಮೊದಲ ದುಪ್ಪಟಿಯ ಹೆಂಗಸು ಹೊರಬಂದು ಕಂಬಳಿ ಮಡಿಸಿ ಹಾಸಿ, ಕೂರಿಸಿದಳು. ತನ್ನ ಊರಲ್ಲಿ ಬೇಕರಿ ನಡೆಸುತ್ತಿದ್ದವಳಂತೆ.

"ಗುರುವಾರ ಮಕ್ಕಳನ್ನ ಸೂಜಿಗೆ ಕರ್ಕೊಂಡು ಬರ್ತೀಯೇನಮ್ಮ?"

ಬೇಕರಿಯವಳು ಹಿಂದೆ ಸರಿದು ಕೂತಳು. "ಇಲ್ಲಕ್ಕ. ಸೂಜಿ ಬರೀ ನೆಪವಂತೆ. ಹೆಸರು ಬರ್ಕೊಂಡು ವಾಪಸ್ ಗಡಿಯಾಚೆ ಕಳಿಸ್ತಾರಂತೆ. ಅಲ್ಲಿ ನಮ್ಮ ಮನೆ ಸುಟ್ಟುಹೋಗಿದೆ."

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ."

ಹೊಲಿಗೆ ಅಕ್ಕ ಕಕ್ಕಾಬಿಕ್ಕಿಯಾದಳು. ತನಗೂ 'ಎಲ್ಲರೂ' ಹೇಳಿದ್ದರು. ಹಾಗಾದರೆ ಈ ಎಲ್ಲರೂ ಎಂಬುವವರು ಯಾರು?

"ಸಾಲಲ್ಲಿ ನಾವು ನಿಲ್ಲಬಾರದು ಅಂತ ಸಭೆಯೂ ಆಯ್ತಂತೆ," ಎಂದಳು ಬೇಕರಿಯವಳು. "ನಮ್ಮನ್ನ ಯಾರೂ ಕರೀಲಿಲ್ಲ."

"ಕೈ ಎತ್ತಿದೋರಲ್ಲಿ ನಾನೂ ಒಬ್ಬಳು. ಮನೇಲಿ ನಾಲ್ಕು ತಿಂಗಳ ಕೂಸಿದೆ, ಹೆದರಿಬಿಟ್ಟೆ."

ಬೇಕರಿಯವಳು ಎದ್ದು ದುಪ್ಪಟಿ ಸರಿಸಿದಳು. ಹಿಂದೆ ಇಬ್ಬರು ಮಕ್ಕಳ ನಡುವೆ ಒಂದು ಕೂಸು ಮಲಗಿತ್ತು. "ನನ್ನ ಕೊನೇದಕ್ಕೆ ಐದು ತಿಂಗಳು," ಎಂದಳು.

ಸಂಜೆ ಹೊಲಿಗೆ ಅಕ್ಕನೇ ನರ್ಸಮ್ಮನನ್ನು ಗೋದಾಮಿಗೆ ಕರೆತಂದಳು. ಸೂಜಿಗೂ ಗಡಿಗೂ ಸಂಬಂಧವಿಲ್ಲ, ಆಸ್ಪತ್ರೆಯ ಕೆಲಸ ಮಕ್ಕಳನ್ನು ಉಳಿಸುವುದಷ್ಟೇ ಎಂದು ಅವರು ಬಿಡಿಸಿ ಹೇಳಿದರು.

ಗುರುವಾರ ಗೋದಾಮಿನವರೆಲ್ಲರೂ ಮಕ್ಕಳೊಂದಿಗೆ ಆಸ್ಪತ್ರೆಗೆ ಬಂದರು. ಸಾಲಿನಲ್ಲಿ ಗುಸುಗುಸು ಎದ್ದಿತು. "ಇವರು ಬೇರೆ ನಿಲ್ಲಲಿ," ಎಂದ ಒಬ್ಬ. ಹೊಲಿಗೆ ಅಕ್ಕನ ಜೊತೆ ಗೊಣಗುತ್ತಲೇ ಬಂದಿದ್ದ ಡ್ರೈವರ್ ಮುಂದೆ ಬಂದ.

"ಯಾವೂರಿನೋರು ಅಂತ ಕೇಳಿ ನಾನು ಯಾರನ್ನೂ ಬಸ್ ಹತ್ತಿಸ್ಕೊಂಡೋನಲ್ಲ. ಸ್ವಲ್ಪ ಸ್ವಲ್ಪ ಹಿಂದೆ ಸರೀರಿ, ಎಲ್ಲರಿಗೂ ಜಾಗ ಆಗುತ್ತೆ."

ಜನ ಸರಿದರು. ಔಷಧಿ ಯಾರಿಗೂ ಕಡಿಮೆ ಬೀಳಲಿಲ್ಲ.

ಬೀದಿಯಲ್ಲಿ ಇನ್ನಿಬ್ಬರು ಮಕ್ಕಳಿಗೆ ದಡಾರ ಬಂದು ಹೋಯಿತು. ಎರಡೂ ಕೂಸುಗಳ ಹತ್ತಿರ ಸುಳಿಯಲಿಲ್ಲ. ಈಗ ಬೀದಿಯ ಸಭೆಗೆ ಗೋದಾಮಿನಿಂದಲೂ ಇಬ್ಬರು ಬರುತ್ತಾರೆ. ಬೀದಿಯವರಿಗೂ ಗೋದಾಮಿನವರಿಗೂ ನಲ್ಲಿ ನೀರಿಗಾಗಿ ಆಗುವ ಜಗಳ ಇನ್ನೂ ಇದೆ. ಆದರೆ ಅದೀಗ ಮುಖ ನೋಡಿಕೊಂಡು ಆಡುವ ಜಗಳ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೂ ಮನೆ ಕಳೆದುಕೊಂಡವರು ಬಂದಿರಬಹುದು. ಅವರ ವಿಷಯ ಕಿವಿಗೆ ಬಿದ್ದರೆ ಅವರನ್ನೇ ಹೋಗಿ ಕೇಳಿ. ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಅವರ ವಿಷಯ ಮಾತಾಡುವ ಸಭೆಗೆ ಅವರನ್ನೂ ಕರೆಯಿರಿ. ಸೂಜಿ, ಶಾಲೆ, ನೀರು ಅವರ ಮಕ್ಕಳಿಗೂ ಬೇಕು. ಅವರಿಗೆ ಸಿಕ್ಕರೆ ನಿಮ್ಮ ಮಕ್ಕಳೂ ಕ್ಷೇಮ. ಈ ಸಲದ ಸೂಜಿಯ ದಿನ ಪಕ್ಕದ ಬಾಗಿಲನ್ನೂ ಒಮ್ಮೆ ತಟ್ಟಿ, ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ.