ಮೂಗಿನ ಪಕ್ಕದ ಮಚ್ಚೆ

"ಈಗ ಮಾತು ಬೇಡ ಅಕ್ಕ. ನೀವು ಮಾತಾಡಿದ್ರೆ ಮೂಗೂ ಜೊತೆಗೆ ಅಲ್ಲಾಡುತ್ತೆ," ಎಂದಳು ವಿಕಿರಣ ಚಿಕಿತ್ಸೆಯ ಕೋಣೆಯ ಟೆಕ್ನೀಷಿಯನ್. ಮೂಗಿನ ಎಡಗಡೆ, ಕೆನ್ನೆಗೆ ತಿರುಗುವ ಮಡಿಕೆಯಲ್ಲಿ, ಮಚ್ಚೆಯ ಸುತ್ತ ಪೆನ್ನಿನ ತಣ್ಣನೆಯ ಮೊನೆ ಒಂದು ಸುತ್ತು ಹಾಕಿತು. ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದ ಹೆಂಗಸು ತುಟಿ ಬಿಗಿಹಿಡಿದಳು. ಸಿನಿಮಾ ಟಾಕೀಸಿನ ಟಿಕೆಟ್ ಕಿಂಡಿಯಲ್ಲಿ ಕೂತು ಅರ್ಧ ಆಯುಷ್ಯ ಕಳೆದವಳು ಅವಳು. ಜಗಳಗಂಟರನ್ನೆಲ್ಲ ಬರೀ ಬಾಯಿಂದಲೇ ಸಾಲಿನಲ್ಲಿ ನಿಲ್ಲಿಸಿದವಳಿಗೆ ಸುಮ್ಮನಿರು ಎಂದರೆ ಅದೇ ದೊಡ್ಡ ಶಿಕ್ಷೆ.

"ಒಂದೇ ಒಂದು ಕೇಳ್ತೀನಿ. ಈ ಮಚ್ಚೆ ಉಳಿಯುತ್ತಾ?"

ಟೆಕ್ನೀಷಿಯನ್ ಕೈ ತಡೆದು ನಕ್ಕಳು. "ಬಂದೋರೆಲ್ಲ ಕಲೆ ಹೋಗುತ್ತಾ ಅಂತ ಕೇಳ್ತಾರೆ. ಉಳಿಯುತ್ತಾ ಅಂದೋರು ನೀವೊಬ್ರೇ. ಡಾಕ್ಟ್ರು ಹೇಳ್ಲಿಲ್ವಾ? ಕೆಟ್ಟದ್ದು ಮಚ್ಚೆ ಪಕ್ಕದಲ್ಲೇ ಹುಟ್ಟಿ ಅದನ್ನೂ ನುಂಗಿಬಿಟ್ಟಿದೆ. ಹೋದ್ರೆ ಎರಡೂ ಒಟ್ಟಿಗೇ."

ಡಾಕ್ಟರು ಹೇಳಿದ್ದರು. ಚರ್ಮದ ಕ್ಯಾನ್ಸರು, ಆದರೆ ಒಳಗೆ ಹರಡುವ ಜಾತಿಯದಲ್ಲ, ವಾಸಿಯಾಗುತ್ತದೆ ಎಂದಿದ್ದರು. ಕತ್ತರಿಸಿ ತೆಗೆಯಬಹುದು, ಇಲ್ಲವೇ ಕಿರಣದ ಕರೆಂಟ್ ಕೊಡಬಹುದು ಎಂದಾಗ ಅವಳು ಹಿಂದೆಮುಂದೆ ನೋಡದೆ ಕರೆಂಟ್ ಸಾಕು ಎಂದಿದ್ದಳು. ಕತ್ತಿ ಎಲ್ಲವನ್ನೂ ಒಯ್ಯುತ್ತದೆ, ಕಿರಣವಾದರೆ ಮಚ್ಚೆಯ ಚೂರುಪಾರು ಬಿಟ್ಟೀತು ಎಂದು ಅವಳ ಲೆಕ್ಕ. ಅದನ್ನು ಯಾರಿಗೂ ಹೇಳಿರಲಿಲ್ಲ.

ಮುಖದ ಮೇಲೆ ಸೀಸದ ತೆಳು ಹಾಳೆ ಬಂದು ಕೂತಿತು. ಮಚ್ಚೆಯ ಜಾಗಕ್ಕೆ ಸರಿಯಾಗಿ ಅದರಲ್ಲೊಂದು ತೂತು. ಎಲ್ಲರೂ ಹೊರಗೆ ಹೋದರು, ದಪ್ಪ ಬಾಗಿಲು ಮುಚ್ಚಿತು. ಯಂತ್ರ ಒಂದಿಷ್ಟು ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಯಿತು. ಬಿಸಿಯೂ ಇಲ್ಲ, ಚುರುಕೂ ಇಲ್ಲ. ಇಷ್ಟಕ್ಕೇನಾ ನಾನು ಮೂರು ದಿನದಿಂದ ಊಟ ಬಿಟ್ಟು ಕೂತದ್ದು ಎಂದು ಅವಳಿಗೆ ತನ್ನ ಮೇಲೇ ರೇಗಿತು.

"ಮೊದಮೊದಲು ಏನೂ ಅನ್ಸಲ್ಲ," ಎಂದಳು ಟೆಕ್ನೀಷಿಯನ್, ಅವಳನ್ನು ಕೈಹಿಡಿದು ಎಬ್ಬಿಸುತ್ತ. "ಆಮೇಲೆ ಕೆಂಪಗಾಗುತ್ತೆ, ಬಿಸಿಲಿಗೆ ಸುಟ್ಟ ಹಾಗೆ. ಕಡಿಯುತ್ತೆ. ಸುಸ್ತೂ ಆಗ್ಬಹುದು. ಮುಗೀತು ಅಂತ ನೀವು ಖುಷಿಯಾಗಿರೋವಾಗ್ಲೇ ಇನ್ನೂ ಜೋರಾಗಿ ನೀರೊಡೆದು ಹಕ್ಕಳೆ ಕಟ್ಟುತ್ತೆ, ಆವಾಗ ಗಾಬರಿ ಬೀಳ್ಬೇಡಿ. ತಾನಾಗೇ ಉದುರಿ ಒಳಗಿಂದ ಹೊಸ ಚರ್ಮ ಬರುತ್ತೆ. ಅಲ್ಲೀತನಕ ಸೋಪು ಬೇಡ, ಬಿಸಿಲು ಬೇಡ, ನಾವು ಕೊಟ್ಟದ್ದು ಬಿಟ್ಟು ಬೇರೆ ಮುಲಾಮು ಬೇಡ. ಮುಖ್ಯವಾಗಿ ಆ ಜಾಗ ಯಾರೂ ಮುಟ್ಟೋ ಹಾಗಿಲ್ಲ."

"ಯಾರೂ ಅಂದ್ರೆ?"

"ಯಾರೂ ಅಂದ್ರೆ ಯಾರೂ."

ಅವಳಿಗೆ ಅಮ್ಮನ ಬೆರಳು ನೆನಪಾದದ್ದು ಆಗ.

ಮನೆಯಲ್ಲಿ ಅಮ್ಮ ಇದ್ದಳು. ಅಮ್ಮನ ನೆನಪು ಒಂದೊಂದೇ ಎಳೆ ಬಿಟ್ಟುಕೊಳ್ಳುತ್ತ ಬಂದು ಈಗ ಬಹುಪಾಲು ಬರಿದಾಗಿತ್ತು. ಗಂಡ ಸತ್ತದ್ದು ಮರೆತಿತ್ತು, ಮಗನ ಮುಖ ಮರೆತಿತ್ತು. ಅವನು ಬಂದರೆ ಕರೆಂಟಿನವನು ಬಂದ ಎಂದುಕೊಂಡು ಕೆಟ್ಟಿರದ ಬಲ್ಬನ್ನೆಲ್ಲ ತೋರಿಸುತ್ತಿದ್ದಳು. ಅವನೂ ಪಾಪ, ಸ್ಟೂಲು ಹತ್ತಿ ಬಿಚ್ಚಿ, ಒರೆಸಿ, ಮತ್ತೆ ಹಾಕಿ ಇಳಿಯುತ್ತಿದ್ದ. ಹಗಲು ನೋಡಿಕೊಳ್ಳುವ ಸೊಸೆ ಅಮ್ಮನ ಪಾಲಿಗೆ ಯಾರೋ ಒಳ್ಳೆಯ ಹುಡುಗಿ. ಮಗಳ ಮುಖವೂ ಮರೆತಿತ್ತು. ಆದರೆ ಮಗಳ ಮೂಗಿನ ಪಕ್ಕ ಒಂದು ಮಚ್ಚೆ ಇದೆ ಎನ್ನುವುದು ಮಾತ್ರ ಹೇಗೋ ಗಟ್ಟಿಯಾಗಿ ಉಳಿದುಬಿಟ್ಟಿತ್ತು.

ಸಂಜೆ ಟಾಕೀಸಿನಿಂದ ಬಂದವಳು ಕಿಟಕಿಯ ಹತ್ತಿರದ ಕುರ್ಚಿಯ ಎದುರು ಬಗ್ಗಿ ನಿಲ್ಲಬೇಕು. ಅಮ್ಮ ತೋರುಬೆರಳಿನಿಂದ ಮಚ್ಚೆಯನ್ನು ತಡವಿ, ಉಗುರಿನಿಂದ ಒಮ್ಮೆ ಕೆರೆದು ಖಾತ್ರಿ ಮಾಡಿಕೊಂಡು, "ಹ್ಞೂ, ನಮ್ಮ ಪುಟ್ಟೀನೇ," ಎನ್ನಬೇಕು. ಆಮೇಲೆ ಊಟ, ಆಮೇಲೆ ತಲೆ ಬಾಚಿಸಿಕೊಳ್ಳುವುದು, ಆಮೇಲೆ ನಿದ್ದೆ. ಬೇರೆಯವರು ಬಾಚಣಿಗೆ ಮುಟ್ಟಿದರೂ ಆಗದು. ಮಚ್ಚೆಯ ಪಕ್ಕ ಹೊಳಪಿನ ಗುಳ್ಳೆ ಎದ್ದು ಆಗಾಗ ರಕ್ತ ಜಿನುಗತೊಡಗಿದಾಗ ಅದು ಅಮ್ಮನ ಉಗುರಿನ ಕೆಲಸ ಎಂದೇ ಎಲ್ಲರೂ ತಿಳಿದರು. ಅವಳು ಅಮ್ಮನ ಉಗುರು ಕತ್ತರಿಸಿದಳು. ಗಾಯ ಮಾಯಲಿಲ್ಲ. ಮತ್ತೆ ಇನ್ನಷ್ಟು ಒತ್ತಿ ಕತ್ತರಿಸಿದಳು. ಹೀಗೆ ಉಗುರು ಕತ್ತರಿಸುತ್ತಲೇ ವರ್ಷದ ಮೇಲೆ ಕಳೆದುಹೋಯಿತು.

ಚಿಕಿತ್ಸೆ ಶುರುವಾದ ದಿನದ ಸಂಜೆ ಅಮ್ಮ ಎಂದಿನಂತೆ ಬೆರಳೆತ್ತಿದಳು. ಇವಳು ಮುಖ ಹಿಂದಕ್ಕೆ ತೆಗೆದುಕೊಂಡು, "ಬರೀ ನೋಡಮ್ಮ, ಮುಟ್ಬೇಡ," ಎಂದಳು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ ಹೇಗೋ ಒಪ್ಪಿದಳು. ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಕೆನ್ನೆ ಕೆಂಪೇರಿತು, ಮೂಗಿನ ಪಕ್ಕ ಊದಿಕೊಂಡಿತು. ಟಿಕೆಟ್ ಕಿಂಡಿಯ ಮುಂದೆ ನಿಂತವರು ಚಿಲ್ಲರೆ ತೆಗೆದುಕೊಳ್ಳುವಾಗ ಬೆರಳು ತಾಗದಂತೆ ನೋಡಿಕೊಂಡರು. ತಮ್ಮನ ಹೆಂಡತಿ ಹಿಂಜರಿಯುತ್ತಲೇ, "ಅತ್ತಿಗೆ, ಮೈಯಲ್ಲಿ ಕರೆಂಟು ಉಳಿದಿರುತ್ತಾ? ಅತ್ತೆ ಪಕ್ಕ ಮಲಗ್ಬಹುದಾ?" ಎಂದಳು. ಮರುದಿನ ಅದನ್ನೇ ಕೇಳಿದ್ದಕ್ಕೆ ಟೆಕ್ನೀಷಿಯನ್, "ಸ್ವಿಚ್ ಆರಿಸಿದ್ಮೇಲೆ ಬಲ್ಬಲ್ಲಿ ಬೆಳಕು ಉಳಿಯುತ್ತಾ ಅಕ್ಕ? ಅಮ್ಮನ್ನ ತಬ್ಕೊಂಡೇ ಮಲಗಿ," ಎಂದಳು.

ತಬ್ಬಿಕೊಳ್ಳುವುದಕ್ಕೆ ಅಮ್ಮ ಬಿಡಬೇಕಲ್ಲ. ಚಿಕಿತ್ಸೆ ಮುಗಿದ ವಾರ, ಟೆಕ್ನೀಷಿಯನ್ ಹೇಳಿದ್ದಂತೆಯೇ, ಆ ಜಾಗ ನೀರೊಡೆದು ಕಪ್ಪು ಹಕ್ಕಳೆ ಕಟ್ಟಿತು. ಸಂಜೆ ಅಮ್ಮನ ಬೆರಳು ನೇರ ಅದರ ಮೇಲೆ ಹೋಯಿತು. ಉರಿಗೆ ಕಣ್ಣು ಕತ್ತಲಿಟ್ಟು ಇವಳು ಅಮ್ಮನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಅಮ್ಮ ಕೂಗಲಿಲ್ಲ. ಕುರ್ಚಿಯಲ್ಲಿ ಮುದುಡಿಕೊಂಡು, "ಬಿಡಿ, ನಾನೇನೂ ಮಾಡ್ಲಿಲ್ಲ," ಎಂದಳು. ಹೆತ್ತ ತಾಯಿ ತನ್ನನ್ನು ಬಹುವಚನದಲ್ಲಿ ಬೇಡಿಕೊಳ್ಳುವುದನ್ನು ಕೇಳಿ ಇವಳು ತಟ್ಟನೆ ಕೈ ಬಿಟ್ಟಳು. "ಅಮ್ಮಾ, ನಾನು ಕಣೇ, ಪುಟ್ಟಿ," ಎಂದು ಎಷ್ಟು ಹೇಳಿದಳೋ ಅಮ್ಮ ಅಷ್ಟೂ ಮುದುಡಿದಳು. ಆ ದಿನ ಅಮ್ಮ ಉಣ್ಣಲಿಲ್ಲ. ತಲೆ ಬಾಚಿಸಿಕೊಳ್ಳಲೂ ಇಲ್ಲ.

ಹಕ್ಕಳೆ ಉದುರಿತು. ಹೊಸ ಚರ್ಮ ಬಂತು, ಬೆಳ್ಳಗೆ, ನುಣ್ಣಗೆ. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ ಬೆನ್ನು ತಟ್ಟಿದರು. "ಚೂರೂ ಉಳಿದಿಲ್ಲಮ್ಮ. ಗೆದ್ದುಬಿಟ್ರಿ." ಅವಳು ಕೈ ಮುಗಿದಳು. ಬದುಕಿದೆನಲ್ಲ ಎಂದು ಸಮಾಧಾನವೂ ಆಯಿತು, ಸುಳ್ಳೇಕೆ. ಆದರೆ ಬಸ್ಸಿನಲ್ಲಿ ಕೂತವಳಿಗೆ ದಾರಿಯುದ್ದಕ್ಕೂ ಕಣ್ಣೀರು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ತಮ್ಮ ಕಿಟಕಿಯಾಚೆ ನೋಡುತ್ತ, "ಹೋಗ್ಲಿ ಬಿಡಕ್ಕ. ಇಷ್ಟು ದಿನ ನಾನೊಬ್ನೇ ಹೊರಗಿನವನಾಗಿದ್ದೆ," ಎಂದ.

ರಜೆ ಹಾಕಿದ ಒಂದು ಸಂಜೆ ಅವಳು ಕನ್ನಡಿಯ ಮುಂದೆ ನಿಂತು ಹುಬ್ಬು ತೀಡುವ ಪೆನ್ಸಿಲು ಕೈಗೆತ್ತಿಕೊಂಡಳು. ಮೊದಲ ಚುಕ್ಕೆ ದಪ್ಪವಾಯಿತು, ಒರೆಸಿದಳು. ಎರಡನೆಯದು ಸರಿಯಾದ ಜಾಗದಲ್ಲಿ ಕೂತಿತು. ಈ ವಯಸ್ಸಿನಲ್ಲಿ, ಹೆತ್ತವಳ ಮುಂದೆ ವೇಷ ಹಾಕುವುದಾಯಿತಲ್ಲ ಎಂದು ನಾಚಿಕೆಯಾಯಿತು. ಆದರೂ ಚೀಲ ಹೆಗಲಿಗೇರಿಸಿ, ಹಿಂಬಾಗಿಲಿನಿಂದ ಹೊರಬಿದ್ದು, ಸುತ್ತಿ ಬಂದು, ಕೆಲಸದಿಂದ ಬಂದವಳ ಹಾಗೆ ಮುಂಬಾಗಿಲಿನಿಂದ ಒಳಗೆ ಬಂದಳು.

"ಬಂದೆ ಅಮ್ಮ." ಕುರ್ಚಿಯ ಎದುರು ಬಗ್ಗಿ ನಿಂತಳು.

ಅಮ್ಮ ಬಹಳ ಹೊತ್ತು ನೋಡಿದಳು. ಬೆರಳೆತ್ತಿದಳು, ಚುಕ್ಕೆಯ ಮೇಲೆ ಇಟ್ಟಳು. "ಹ್ಞೂ," ಎಂದಳು. ಅಮ್ಮ ಬೆರಳನ್ನು ಹಿಂದಕ್ಕೆ ತೆಗೆದು ಬೆಳಕಿಗೆ ಹಿಡಿದಳು. ತುದಿ ಕಪ್ಪಾಗಿತ್ತು.

"ಎಲ್ಲಿ ಮೆತ್ಕೊಂಡ್ಯೇ ಇದನ್ನ? ಮಸಿ," ಎಂದಳು ಅಮ್ಮ. ಅವಳ ಗದ್ದ ಹಿಡಿದು ಮುಖ ತನ್ನತ್ತ ತಿರುಗಿಸಿಕೊಂಡಳು. ಹೆಬ್ಬೆರಳಿಗೆ ಎಂಜಲು ಹಚ್ಚಿ, ಮೆಲ್ಲಗೆ, ನೋವಾದೀತೆಂದು ನಡುನಡುವೆ ಊದುತ್ತ, ಒರೆಸಿದಳು. ಒಂದಿಷ್ಟೂ ಬಿಡದೆ ಒರೆಸಿದಳು. ಎಷ್ಟೋ ವರ್ಷದಿಂದ ಅವಳನ್ನು ಯಾರೂ ಹೀಗೆ ಹಿಡಿದಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಒರೆಸಿಸಿಕೊಂಡಳು.

"ಹೋಯ್ತು ನೋಡು. ಈಗ ಲಕ್ಷಣವಾಗಿದೀಯ. ಯಾರ ಮಗಳು ನೀನು?"

ನಿನ್ನ ಮಗಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುದುಡಿ ಕೂತ ಅಮ್ಮ ನೆನಪಾಗಿ ನುಂಗಿಕೊಂಡಳು. "ಇಲ್ಲೇ, ಹತ್ತಿರದವಳು."

"ಮತ್ತೆ ಹೊರಡು ತಾಯಿ, ಕತ್ತಲಾಗ್ತಾ ಬಂತು. ನಿಮ್ಮಮ್ಮ ದಾರಿ ನೋಡ್ತಿರ್ತಾಳೆ. ನಮ್ಮ ಪುಟ್ಟೀನೂ ಇನ್ನೂ ಬಂದಿಲ್ಲ, ನಂಗೂ ಅದೇ ಯೋಚನೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಬೇಡ ಎಂದು ಇವಳು ತಲೆಯಾಡಿಸಿ ಚಪ್ಪಲಿ ಮೆಟ್ಟಿದಳು. ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತು ಒಳಗೆ ಹೋದರಾಯಿತು ಎಂದುಕೊಂಡವಳು ತಿರುಗಿ ನೋಡಿದರೆ ಅಮ್ಮ ಕುರ್ಚಿಯಿಂದ ಎದ್ದು ಕಿಟಕಿಯ ಸರಳು ಹಿಡಿದು ನಿಂತಿದ್ದಳು, ಈ ಹುಡುಗಿ ಮನೆ ಸೇರುತ್ತಾಳೋ ಇಲ್ಲವೋ ಎಂದು. ಕೂರಲಾಗಲಿಲ್ಲ. ಬೀದಿಗಿಳಿದು ನಡೆದಳು. ಬೀಗ ಹಾಕಿದ ಅಂಗಡಿ, ನಲ್ಲಿ, ನಿಲ್ಲಿಸಿದ ಸೈಕಲ್ಲುಗಳನ್ನು ದಾಟಿ ಮೂಲೆ ಮುಟ್ಟಿ ಹಿಂತಿರುಗಿ ನೋಡಿದಳು. ಅಮ್ಮ ಅಲ್ಲೇ ಇದ್ದಳು. ಸರಳಿನಿಂದ ಕೈ ಹೊರಗೆ ಚಾಚಿ, ಹೋಗು, ಹೋಗು ಎಂದು ಆಡಿಸಿದಳು. ಅವಳೂ ಕೈಯೆತ್ತಿ ಆಡಿಸಿದಳು. ಮೂಲೆ ತಿರುಗಿದಳು.