ಡೊಂಕು ತಿದ್ದಿದ ಕನ್ನಡಿ

ಭಾವನಿಗೆ ಮೂರು ಸಲ ಹೇಳಿದ್ದೆ. ಕನ್ನಡಿ ಮನೆಯ ಬಾಗಿಲಿನಿಂದ ಒಳಗೆ ಹೋದರೆ ಎಡಗಡೆ ಗೋಡೆ, ಅದರಲ್ಲಿ ಐದನೆಯ ಕನ್ನಡಿ, ಮೇಲಿನ ಮೂಲೆಯಲ್ಲಿ ಹಸಿರು ಬಣ್ಣ ಸಿಡಿದ ಗುರುತಿದೆ, ಅದೊಂದೇ ಬೇಕು, ಬೇರೆ ಯಾವುದನ್ನು ಪುಕ್ಕಟೆ ಕೊಟ್ಟರೂ ತರಬೇಡಿ ಎಂದು. ನಾಲ್ಕನೆಯ ಸಲ ಹೇಳಲು ಬಾಯಿ ತೆರೆದಾಗ ಅವರು, ನಾನೇನು ಕಿವುಡನಾ ಎಂದು ಕೇಳಿ ವ್ಯಾನು ಹತ್ತಿ ಹೋಗಿಯೇಬಿಟ್ಟರು. ಕಿವುಡರಲ್ಲ, ನಿಜ. ಆದರೆ ಮೂವತ್ತು ವರ್ಷ ಗ್ಯಾರೇಜಿನಲ್ಲಿ ಕಾರುಗಳ ಡೆಂಟು ಬಡಿದವರ ಕಿವಿಯನ್ನು ಎಷ್ಟು ಅಂತ ನಂಬುವುದು?

ನಾನೇ ಹೋಗಬೇಕಾಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಮೊಣಕಾಲಿನವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಕೂತಿದ್ದೆ, ಅದೂ ಸರಿಯಾಗಿ ಅದೇ ವಾರ. ನಾನು ಕೆಲಸಕ್ಕಿದ್ದ, ಈಗ ಮುಚ್ಚಿರುವ ಪಾರ್ಕಿನ ವಾಚ್‌ಮನ್ ಫೋನು ಮಾಡಿ, ಶನಿವಾರ ಗುಜರಿ ಲಾರಿಗಳು ಬರುತ್ತವೆ, ದೊಡ್ಡ ಚಕ್ರದಿಂದ ಹಿಡಿದು ಗೇಟಿನವರೆಗೆ ಎಲ್ಲ ಕುಲುಮೆಗೆ ಹೋಗುತ್ತದೆ, ನಿಮಗೇನಾದರೂ ನೆನಪಿಗೆ ಬೇಕಿದ್ದರೆ ಮೊದಲೇ ಎತ್ತಿಕೊಳ್ಳಿ ಎಂದಿದ್ದ. ನನಗೆ ನೆನಪಿಗಲ್ಲ ಬೇಕಾಗಿದ್ದದ್ದು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಪಾರ್ಕು ಮೊದಲು ಇಟ್ಟಿಗೆ ಭಟ್ಟಿಯಾಗಿತ್ತು. ಮಣ್ಣು ಅಗೆದು ಅಗೆದು ಹೊಂಡ ಬಿದ್ದು, ಹೊಂಡಕ್ಕೆ ನೀರು ನಿಂತು, ಇನ್ನು ಇಟ್ಟಿಗೆ ಸುಡುವುದು ಸಾಧ್ಯವಿಲ್ಲ ಎಂದಾದಾಗ ಭಟ್ಟಿಯ ಯಜಮಾನರು ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಹೊಂಡಕ್ಕೆ ನಾಲ್ಕು ದೋಣಿ ಬಿಟ್ಟರು. ಇಟ್ಟಿಗೆ ಸಾಗಿಸುತ್ತಿದ್ದ ಟ್ರಾಲಿಯ ಹಳಿಯ ಮೇಲೆ ಪುಟಾಣಿ ರೈಲು ಓಡಿಸಿದರು. ಎಲ್ಲಿಂದಲೋ ಹನ್ನೆರಡು ತೊಟ್ಟಿಲ ಚಕ್ರ ಬಂತು. ಭಟ್ಟಿಯ ಹಳೆಯ ಆಫೀಸು ಕನ್ನಡಿ ಮನೆಯಾಯಿತು. ಸುತ್ತಲಿನ ಹತ್ತು ಊರಿನ ಜನ ಭಾನುವಾರ ಬಂತೆಂದರೆ ಮಕ್ಕಳು ಮರಿ ಕಟ್ಟಿಕೊಂಡು, ಲಾರಿ ಹತ್ತಿ ಬರುತ್ತಿದ್ದರು. ಸಾಯಂಕಾಲ ಚಕ್ರಕ್ಕೆ ದೀಪ ಹಾಕಿದರೆ ನಮ್ಮ ಮನೆಯ ಮಾಳಿಗೆಗೆ ಕಾಣುತ್ತಿತ್ತು, ನಾನೂ ಅಕ್ಕನೂ ಅದು ಎಷ್ಟು ಸುತ್ತು ತಿರುಗಿತು ಎಂದು ಜಗಳಾಡುತ್ತ ನೋಡುತ್ತಿದ್ದೆವು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ವರ್ಷದಲ್ಲಿ ಮೂರಾದರೆ ಎತ್ತರದಲ್ಲಿ ಮುಕ್ಕಾಲು ಅಡಿ. ಅವಳು ಏಣಿ, ನಾನು ಕುಳ್ಳಿ. ಬೀದಿಯವರೆಲ್ಲ ಕರೆಯುತ್ತಿದ್ದದ್ದೂ ಹಾಗೇ. ಮುಖ ಮಾತ್ರ ಒಂದೇ ಎರಕ. ಅವಳದನ್ನು ಎಳೆದು ಬಿಟ್ಟಿದ್ದರು, ನನ್ನದನ್ನು ಮೇಲಿನಿಂದ ಅಮುಕಿದ್ದರು, ಅಷ್ಟೇ.

ಹದಿನೆಂಟಕ್ಕೆ ನನಗೆ ಕನ್ನಡಿ ಮನೆಯಲ್ಲಿ ಕೆಲಸ ಸಿಕ್ಕಿತು. ಟಿಕೆಟು ಹರಿಯುವುದು, ಬಾಗಿಲು ಕಾಯುವುದು, ಬೆಳಿಗ್ಗೆ ಗೇಟು ತೆಗೆಯುವ ಮೊದಲು ಎಂಟೂ ಕನ್ನಡಿಗಳನ್ನು ಸೀಮೆಸುಣ್ಣದ ಪುಡಿ ಹಾಕಿ ಮೆತ್ತನೆ ಬಟ್ಟೆಯಲ್ಲಿ ಉಜ್ಜುವುದು. ಕನ್ನಡಿ ಎಂದರೆ ಗಾಜಲ್ಲ, ಹೊಳಪು ಕೊಟ್ಟ ಉಕ್ಕಿನ ತಗಡು. ಮರದ ಚೌಕಟ್ಟಿನ ಮೇಲೆ ಬಗ್ಗಿಸಿ ಸ್ಕ್ರೂ ಬಿಗಿದದ್ದು. ಅಡ್ಡಕ್ಕೆ ಉಬ್ಬಿದ್ದರೆ ಎದುರು ನಿಂತವರು ಡ್ರಮ್ಮು, ಉದ್ದಕ್ಕೆ ಉಬ್ಬಿದ್ದರೆ ಕಂಬ. ಗಂಭೀರವಾಗಿ ಒಳಗೆ ಬಂದ ಹೆಡ್‌ಮೇಷ್ಟ್ರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತ ಹೊರಗೆ ಹೋಗುವುದನ್ನು ನೋಡಿದ್ದೇನೆ. ಗಂಡ ಹೆಂಡತಿ ಮುನಿಸಿಕೊಂಡು ಬಂದವರು ಮೂರನೆಯ ಕನ್ನಡಿ ದಾಟುವಷ್ಟರಲ್ಲಿ ರಾಜಿಯಾಗುತ್ತಿದ್ದರು.

ಐದನೆಯದು ಕಂಬದ ಕನ್ನಡಿ. ಅದರ ಮುಂದೆ ನಾನು ನಿಂತರೆ ಅಕ್ಕ ಕಾಣುತ್ತಿದ್ದಳು. ಹೋಲಿಕೆ ಅಲ್ಲ, ಅಕ್ಕನೇ. ಅದೇ ಉದ್ದನೆ ಕತ್ತು, ಅದೇ ಕೋಲು ಮುಖ. ಆರನೆಯದು ಡ್ರಮ್ಮು, ಅದರಲ್ಲಿ ಅಕ್ಕ ನಾನಾಗುತ್ತಿದ್ದಳು. ಅವಳು ಮಧ್ಯಾಹ್ನ ನನಗೆ ಊಟ ತಂದಾಗ ಇಬ್ಬರೂ ಅಕ್ಕಪಕ್ಕ ನಿಂತು ಅದಲುಬದಲಾಗಿ, ಅವಳು ನನ್ನ ದನಿಯಲ್ಲಿ ಸಿಡುಕುತ್ತಿದ್ದಳು, ನಾನು ಅವಳ ದನಿಯಲ್ಲಿ ಬುದ್ಧಿ ಹೇಳುತ್ತಿದ್ದೆ. ಅಕ್ಕನ ಜೊತೆ ಮದುವೆ ಗೊತ್ತಾದ ಹೊಸದರಲ್ಲಿ ಭಾವ ಒಂದು ದಿನ ಬಾಗಿಲಿನಿಂದಲೇ ಐದನೆಯ ಕನ್ನಡಿ ನೋಡಿ, ಏನು, ಊಟ ಆಯ್ತಾ ಎಂದು ನಾಚಿಕೊಂಡು ಕೇಳಿದ್ದರು. ಆಯ್ತು ಎಂದು ತಿರುಗಿದವಳು ನಾನು. ಆಮೇಲೆ ಒಂದು ವರ್ಷ ಅವರನ್ನು ನಾವಿಬ್ಬರೂ ಅದೇ ಮಾತಿನಿಂದ ಗೋಳು ಹೊಯ್ದುಕೊಂಡೆವು.

ಅಕ್ಕ ಮೂವತ್ತನಾಲ್ಕಕ್ಕೆ ಹೋದಳು. ಹನ್ನೊಂದು ದಿನದ ಜ್ವರ. ಅದರ ಬಗ್ಗೆ ಹೆಚ್ಚು ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಹೋದೆ. ಒಂದು, ಎರಡು, ಮೂರು, ನಾಲ್ಕು ಕನ್ನಡಿ ಉಜ್ಜಿದೆ. ಐದನೆಯದರ ಮುಂದೆ ಬಟ್ಟೆ ಹಿಡಿದು ನಿಂತರೆ ಅಕ್ಕ ಬಟ್ಟೆ ಹಿಡಿದು ನಿಂತಿದ್ದಳು. ಅಲ್ಲೇ ಕೂತು ಮನಸಾರೆ ಅತ್ತೆ, ಅವಳೂ ಅತ್ತಳು. ಅವತ್ತಿನಿಂದ ಹತ್ತೊಂಬತ್ತು ವರ್ಷ, ಗೇಟು ತೆಗೆಯುವ ಮೊದಲಿನ ಕಾಲುಗಂಟೆ ನನ್ನದು ಮತ್ತು ಅವಳದು. ಮನೆಯ ಸುದ್ದಿ, ಬೀದಿಯ ಸುದ್ದಿ, ನಮ್ಮನೆಯವರ ಮೇಲಿನ ಚಾಡಿ, ಎಲ್ಲ ಹೇಳುತ್ತಿದ್ದೆ. ನಲವತ್ತಕ್ಕೆ ಕೂದಲು ನೆರೆಯಲು ಶುರುವಾದಾಗ ಕರಿ ಬಣ್ಣ ಹಚ್ಚಿದೆ. ಈ ವಯಸ್ಸಿನಲ್ಲಿ ಇವಳಿಗೇನು ಶೋಕಿ ಎಂದು ಜನ ಆಡಿಕೊಂಡರು. ಶೋಕಿ ಯಾರಿಗೆ ಬೇಕು? ಅಕ್ಕನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ನಾನು ನೆರೆತರೆ ಅವಳು ಹೋದಂತೆಯೇ.

ಭಾವನಿಗೆ ಈ ವಿಷಯ ಹೇಳಲಿಲ್ಲ. ಹುಚ್ಚು ಎಂದುಕೊಂಡಾರು ಎಂಬ ನಾಚಿಕೆಯಿಂದ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಆಸೆಬುರುಕತನ, ಇನ್ನೇನಲ್ಲ. ಅವರು ಮತ್ತೆ ಮದುವೆಯಾಗದೆ, ಗ್ಯಾರೇಜಿನ ಹಿಂದಿನ ಒಂದು ಕೋಣೆಯಲ್ಲಿ ತಾವೇ ಬೇಯಿಸಿಕೊಂಡು ಇದ್ದರು. ಅಕ್ಕನ ಮೇಲೆ ನನಗಿಂತ ಹೆಚ್ಚು ಹಕ್ಕು ಅವರಿಗಿತ್ತು. ನಾನು ಅವಳನ್ನು ನನಗೊಬ್ಬಳಿಗೇ ಇಟ್ಟುಕೊಂಡೆ.

ಕೊನೆಕೊನೆಗೆ ಪಾರ್ಕಿಗೆ ಯಾರು ಬರುತ್ತಿದ್ದರು? ಹೆದ್ದಾರಿಯ ಹತ್ತಿರ ದೊಡ್ಡ ವಾಟರ್ ಪಾರ್ಕು ಬಂತು. ಇನ್ನು ಸೊಟ್ಟ ಮೂತಿ ನೋಡಿಕೊಳ್ಳಲು ನನ್ನ ಕನ್ನಡಿ ಬೇಕಿರಲಿಲ್ಲ, ಫೋನಿನಲ್ಲೇ ಆಗುತ್ತಿತ್ತು. ಚಕ್ರದ ತೊಟ್ಟಿಲುಗಳಲ್ಲಿ ಪಾರಿವಾಳ ಗೂಡು ಕಟ್ಟಿದವು. ಎರಡು ವರ್ಷದ ಹಿಂದೆ ಗೇಟಿಗೆ ಸರಪಳಿ ಬಿತ್ತು. ವಾಚ್‌ಮನ್‌ಗೆ ಎಷ್ಟು ಗೋಗರೆದರೂ ಒಳಗೆ ಬಿಡಲಿಲ್ಲ, ಮೇಲಿನವರ ಅಪ್ಪಣೆಯಂತೆ. ಅಂದಿನಿಂದ ನಾನು ಅಕ್ಕನನ್ನು ನೋಡಿರಲಿಲ್ಲ. ತಲೆಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದೆ, ಯಾರಿಗಾಗಿ ಅಂತ?

ಭಾವ ಹೋದದ್ದು ಗುರುವಾರ. ಅವತ್ತು ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಫೋನು ಮಾಡಿದರೆ, ಸಿಕ್ಕಿದೆ, ಹಸಿರು ಗುರುತೂ ಇದೆ, ಸ್ವಲ್ಪ ಕೆಲಸ ಇದೆ, ನಾಳೆ ತರುತ್ತೇನೆ ಎಂದರು. ಏನು ಕೆಲಸ ಎಂದು ಕೇಳಲು ನನಗೆ ತೋಚಲಿಲ್ಲ ನೋಡಿ. ನಮ್ಮನೆಯವರು ಬಸ್ಸಿನ ಡ್ಯೂಟಿಗೆ ಹೋಗಿದ್ದರು. ನಾನು ಕುರ್ಚಿಯಲ್ಲಿ ಕೂತು ಗೋಡೆಯನ್ನು ನೋಡುತ್ತ, ಇಲ್ಲಿ ನಿಲ್ಲಿಸಿದರೆ ಕಿಟಕಿಯ ಬೆಳಕು ಬೀಳುತ್ತದೆ, ಅಕ್ಕನಿಗೆ ಬೆಳಕು ಇಷ್ಟ ಎಂದು ಲೆಕ್ಕ ಹಾಕಿದೆ.

ಶನಿವಾರ ಬೆಳಿಗ್ಗೆ ಭಾವ ಬಂದರು. ಕಂಬಳಿಯಲ್ಲಿ ಸುತ್ತಿದ್ದನ್ನು ತಬ್ಬಿಕೊಂಡು ಬಂದು ಗೋಡೆಗೆ ಒರಗಿಸಿ, ಕಣ್ಣು ಮುಚ್ಚು ಎಂದರು. ಐವತ್ತೆರಡು ವರ್ಷದವಳು ಮಗುವಿನ ಹಾಗೆ ಕಣ್ಣು ಮುಚ್ಚಿದೆ. ಕಂಬಳಿ ಎಳೆದ ಸದ್ದಾಯಿತು. ಕಣ್ಣು ಬಿಟ್ಟರೆ ಎದುರಿಗೆ ಒಬ್ಬಳು ಕುಳ್ಳಿ, ಪ್ಲಾಸ್ಟರು ಹಾಕಿದ ಕಾಲು ಮುಂದೆ ಚಾಚಿಕೊಂಡು ಕೂತಿದ್ದಳು.

"ಚೌಕಟ್ಟು ಗೆದ್ದಲು ತಿಂದಿತ್ತು, ಬಿಸಾಕಿದೆ," ಎಂದರು ಭಾವ. "ತಗಡು ಪೂರ್ತಿ ಡೊಂಕಾಗಿತ್ತು ಕಣೆ, ಎರಡು ದಿನ ಬೇಕಾಯ್ತು. ಈಗ ನೋಡು, ಒಂದು ಕೂದಲಿನಷ್ಟೂ ಏರುತಗ್ಗಿಲ್ಲ."

ಅವರ ಮುಖದಲ್ಲಿ ಎಂಥಾ ಹೆಮ್ಮೆ ಇತ್ತು ಅಂದರೆ! ಡೊಂಕು ಕಂಡರೆ ತಿದ್ದುವುದೇ ಜೀವಮಾನದ ಕೆಲಸವಾದವರು. ನಮ್ಮ ಮನೆಯ ತಟ್ಟೆ, ಚೆಂಬು ಒಂದರಲ್ಲೂ ಅವರು ನೆಗ್ಗು ಉಳಿಸಿರಲಿಲ್ಲ. ನಾನು ಮೂರು ಸಲ ಹೇಳಿದ್ದೆ, ಎಡಗೋಡೆ, ಐದನೆಯದು, ಹಸಿರು ಗುರುತು ಎಂದು. ಡೊಂಕಾಗಿಯೇ ಇರಲಿ ಎಂದು ಹೇಳಿರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲೇ ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ, ಅವತ್ತು ಬಾಯಿಗೆ ಬಂದದ್ದೆಲ್ಲ ಅಂದೆ. ತಗಡು ಬಡಿಯುವವರ ಕೈಗೆ ಕೊಟ್ಟದ್ದೇ ನನ್ನ ತಪ್ಪು ಎಂದೆ, ನಿಮಗೆ ಎಲ್ಲವೂ ಕಾರಿನ ಬಾಗಿಲೇನು ಎಂದೆ. ಭಾವ ಕಂಬಳಿ ಮಡಿಸುತ್ತ ನಿಂತರು. ಮನೆಯಲ್ಲಿಡುವ ಕನ್ನಡಿ ಎಂದರೆ ನೆಟ್ಟಗಿರಬೇಕಲ್ಲವಾ ಎಂದು ಮೆಲ್ಲಗೆ ಕೇಳಿದರು. ಆಗ ನನಗೆ ತಡೆಯಲಾಗಲಿಲ್ಲ.

"ಅದರಲ್ಲಿ ಅಕ್ಕ ಇದ್ದಳು ಭಾವ."

ಆಮೇಲೆ ಎಲ್ಲ ಹೇಳಿದೆ. ಕಾಲುಗಂಟೆಗಳನ್ನು, ಬಣ್ಣ ಹಚ್ಚಿದ್ದನ್ನು, ಬೇಕೆಂದೇ ಅವರಿಂದ ಮುಚ್ಚಿಟ್ಟಿದ್ದನ್ನು. ಅವರು ನೆಲದ ಮೇಲೆ ಕೂತು ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಮ್ಮ ಎರಡೂ ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡರು, ಅವು ಯಾರದೋ ಎನ್ನುವ ಹಾಗೆ.

ಕೊನೆಗೆ ಎದ್ದು ಟೇಪು ತೆಗೆದು ತಗಡಿನ ಅಗಲ ಅಳೆದರು. ಮನೆಯ ಬಾಗಿಲುಗಳನ್ನು ಒಂದೊಂದಾಗಿ ಅಳೆದರು. ಅಡುಗೆಮನೆಯ ಬಾಗಿಲು ತಗಡಿಗಿಂತ ಎರಡು ಬೆರಳು ಕಿರಿದು. ಅದರ ಚೌಕಟ್ಟಿನ ನಡುವೆ ತಗಡನ್ನು ತೂರಿಸಿ ನಿಲ್ಲಿಸಿ, ತಾವು ಅಡುಗೆಮನೆಯ ಒಳಗೆ ಉಳಿದು, ಆ ಕಡೆಯಿಂದ ಅಂಗೈಯಲ್ಲಿ ಒತ್ತಿದರು. ಜಾಗ ಸಾಲದ ತಗಡು ನಡುಮನೆಯ ಕಡೆಗೆ ಉಬ್ಬಿತು. ನಾನು ಊರುಗೋಲು ಹಿಡಿದು ಎದುರಿಗೆ ನಿಂತೆ.

"ಬಂದಳಾ?" ಎಂದು ತಗಡಿನ ಹಿಂದಿನಿಂದ ಕೇಳಿದರು.

ಇನ್ನೂ ಇಲ್ಲ, ಸ್ವಲ್ಪ ಒತ್ತಿ ಎಂದೆ. ಒತ್ತಿದರು. ಜಾಸ್ತಿಯಾಗಿ ಕಡ್ಡಿಯಂತಾದಳು, ಬಿಡಿ ಎಂದೆ. ಬಿಟ್ಟರು. ಕೆಳಗೆ, ಮೇಲೆ, ಸೊಂಟದ ಹತ್ತಿರ ಎಂದು ಹೇಳುತ್ತ ಹೋದೆ. ಅವರು ಮಧ್ಯೆ ಮಧ್ಯೆ ಬಂದಳಾ, ಬಂದಳಾ ಎಂದು ಕೇಳುತ್ತಲೇ ಇದ್ದರು, ಮರದ ಚಕ್ಕೆ ತುರುಕಿ ಬಡಿಯುತ್ತಲೇ ಇದ್ದರು. ಕತ್ತು ಉದ್ದವಾಯಿತು. ಮುಖ ಕೋಲಾಯಿತು. ಸಾಕು, ನಿಲ್ಲಿಸಿ ಎಂದೆ.

ಅಳತೆ ಸರಿಯಾಗಿತ್ತು. ಆದರೆ ತಲೆ ಪೂರ್ತಿ ಬೆಳ್ಳಗಿತ್ತು, ಕಣ್ಣಿನ ಕೆಳಗೆ ಚೀಲ ಬಿದ್ದಿತ್ತು, ಬಾಯಿಯ ಎರಡೂ ಕಡೆ ಗೆರೆ ಇಳಿದಿತ್ತು. ಎರಡು ವರ್ಷ ಕಾದದ್ದು ಈ ಮುದುಕಿಗಲ್ಲ. ನನ್ನ ಅಕ್ಕನಿಗೆ ಮೂವತ್ತನಾಲ್ಕು. ಇವಳು ಅವಳಲ್ಲ ಭಾವ, ಬಿಟ್ಟುಬಿಡಿ, ಆಗುವುದಿಲ್ಲ ಎಂದು ಕೂಗಿ ಹೇಳಿದೆ.

ಅಡುಗೆಮನೆಯ ಬಾಗಿಲಿಗೆ ತಾವೇ ತಗಡು ಬಡಿದುಕೊಂಡಿದ್ದರಲ್ಲ, ಹಿತ್ತಿಲಿಂದ ಸುತ್ತಿ ಮುಂಬಾಗಿಲಿಗೆ ಬರಬೇಕಾಯಿತು. ಬಂದು ನನ್ನ ಹಿಂದೆ ನಿಂತು ನೋಡಿದರು. ನನ್ನನ್ನಲ್ಲ, ಅವಳನ್ನು. ಗ್ಯಾರೇಜಿನಲ್ಲಿ ಒಂದು ಕಾರಿನ ಸುತ್ತ ಮೂರು ಸಲ ಸುತ್ತಿದ ಮೇಲೆಯೇ ಬಾಯಿ ಬಿಡುವವರು, ಅಷ್ಟೇ ನಿಧಾನವಾಗಿ ನೋಡಿದರು.

"ಇವಳೇ," ಎಂದರು. "ಇಪ್ಪತ್ತೊಂದು ವರ್ಷ ಆಯ್ತು. ಅವಳಿಗೂ ವಯಸ್ಸಾಗಲ್ವೇನೆ?"

ನಾನು ಮತ್ತೆ ನೋಡಿದೆ. ಬಿಳಿ ತಲೆಯ, ಉದ್ದ ಕತ್ತಿನ ಅಕ್ಕ ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಬಣ್ಣ ಹಚ್ಚಿ ಹಚ್ಚಿ ನಾನೇ ಅವಳನ್ನು ಮುದುಕಿಯಾಗಲು ಬಿಟ್ಟಿರಲಿಲ್ಲ.

ಭಾವ ನನ್ನ ಪಕ್ಕಕ್ಕೆ ಬಂದು ನಿಂತರು. ಕನ್ನಡಿಯಲ್ಲಿ ಅಕ್ಕನೂ ತಾವೂ ಸಮ ಎತ್ತರವಾಗಲಿ ಎಂದು ಸ್ವಲ್ಪ ಹಿಂದೆ ಸರಿದರು. ತಮ್ಮ ಕೆದರಿದ ತಲೆ ಮುಟ್ಟಿ ನೋಡಿಕೊಂಡು, ಬಾಚಣಿಗೆ ಇದೆಯಾ ಎಂದು ನನ್ನನ್ನು ಕೇಳಿದರು. ಕೊಟ್ಟೆ. ಬೈತಲೆ ತೆಗೆದು ನೆಟ್ಟಗೆ ಬಾಚಿಕೊಂಡರು. ಆಮೇಲೆ ಕನ್ನಡಿಯ ಕಡೆ ನೋಡಿ, ನಾಚಿಕೊಂಡೇ ಕೇಳಿದರು.

"ಏನು, ಊಟ ಆಯ್ತಾ?"

ಈ ಸಲ ನಾನು ಉತ್ತರ ಕೊಡಲು ಹೋಗಲಿಲ್ಲ.

ತಗಡು ಇವತ್ತಿಗೂ ಅಲ್ಲೇ ಇದೆ. ನಮ್ಮನೆಯವರು ಗೊಣಗುತ್ತಾರೆ, ಆದರೆ ತೆಗೆಯಿರಿ ಎನ್ನುವುದಿಲ್ಲ. ಒಂದು ಲೋಟ ನೀರು ಬೇಕಾದರೂ ನಾವೆಲ್ಲ ಹಿತ್ತಿಲಿಂದ ಸುತ್ತಿಕೊಂಡು ಅಡುಗೆಮನೆಗೆ ಹೋಗುತ್ತೇವೆ.