ಮೇಲೇರದ ಮುಳ್ಳು

ಆರ್‌ಪಿಎಂ ಮೀಟರಿನ ಮುಳ್ಳು ಎರಡೂವರೆ ಸಾವಿರ ಮುಟ್ಟಿ ನಿಂತಿತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಅಲ್ಲೇ ನಡುಗಿತು. ಕಾರು ಎರಡು ಸಲ ಮುಗ್ಗರಿಸಿತು, ಏರುರಸ್ತೆಯ ಕಾಲುಭಾಗವನ್ನೂ ಹತ್ತದೆ ಸುಸ್ತಾಯಿತು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ.

"ಕೇಳಿಸ್ತಪ್ಪ, ನಮಗೂ ಕಿವಿ ಇದೆ," ಎಂದು ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು.

ನಾನು ಕಾರು ತಿರುಗಿಸಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಈ ಏರಿನ ಆಚೆ ಇರಬೇಕಿತ್ತು. ಜಲಾಶಯದ ಪಕ್ಕದ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವ ಕೆಲಸ. ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾದ ಮೇಲೆ ಸಿಕ್ಕಿದ್ದು. ಬೆಳಗಿನ ಹೊತ್ತು ಆ ಕಡೆಗೆ ಬಸ್ಸಿಲ್ಲ. "ವಾಹನ ಇದೆಯೇ?" ಎಂದು ಕೇಳಿದ್ದರು. ಇದೆ ಎಂದಿದ್ದೆ. ಗಂಡನ ಕಾರು, ಹದಿನೇಳು ವರ್ಷ ಹಳೆಯದು. ಹೋಗದಿದ್ದರೆ ಮತ್ತೆ ಅದೇ ಕೋಣೆ, ಅದೇ ಫ್ಯಾನು.

ಗ್ಯಾರೇಜಿನವನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾನೆ. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ. ಅತ್ತೆಗೆ ಅದೇ ಕಷ್ಟ.

"ಪಿಕಪ್ ಇಲ್ಲ, ಜರ್ಕ್ ಹೊಡೆಯುತ್ತೆ," ಎಂದೆ. "ಎರಡೂವರೆ ಸಾವಿರ ದಾಟ್ತಾನೇ ಇಲ್ಲ. ನಾಳೆ ಬೆಳಿಗ್ಗೆ ಬೇಕು ಅಣ್ಣ."

"ಎಲ್ರಿಗೂ ನಾಳೆ ಬೆಳಿಗ್ಗೇನೇ ಬೇಕು. ಗಾಡಿಗೆ ವಯಸ್ಸಾಗಿದೆ ಅಕ್ಕ."

"ನನಗೂ ಆಗಿದೆ," ಎಂದರು ಅತ್ತೆ. "ನಾನು ಮೆಟ್ಟಿಲು ಹತ್ತಲ್ವಾ?"

"ನಿಮ್ಮ ಬಾನೆಟ್ ತೆಗೆದು ನೋಡೋಕಾಗಲ್ವಲ್ಲಮ್ಮ."

ಅತ್ತೆ ನಕ್ಕು, ಯಾವುದೋ ವ್ಯಾನಿನಿಂದ ಕಳಚಿಟ್ಟಿದ್ದ ಸೀಟಿನ ಮೇಲೆ ಕುಳಿತರು. ನನಗೆ ಕೂರಲಾಗಲಿಲ್ಲ. ಗೋಡೆಗೆ ಒರಗಿಸಿದ್ದ ಟೈರುಗಳ ತನಕ ಹೋದೆ, ಬಂದೆ. ಮತ್ತೆ ಹೋದೆ.

ಕಿವಿಯಣ್ಣ ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿದ. "ಇದಲ್ಲ." ಆಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ನಾಲ್ಕೂ ಕಾಡಿಗೆಯಲ್ಲಿ ಅದ್ದಿದ ಹಾಗಿದ್ದವು.

"ದಿನಾ ಓಡಿಸ್ತೀರಾ?"

"ಹೂಂ."

ಅವನು ಬಾಗಿಲು ತೆರೆದು, ಕಳೆದ ಸಲ ಆಯಿಲ್ ಬದಲಿಸಿದಾಗ ಅಂಟಿಸಿದ್ದ ಚೀಟಿ ನೋಡಿದ. ಗಂಡ ತೀರಿಕೊಳ್ಳುವ ಒಂದು ವಾರ ಮುಂಚಿನದು. ಮೀಟರನ್ನೂ ನೋಡಿದ.

"ಅವತ್ತಿಂದ ಇವತ್ತಿಗೆ ನಲವತ್ತೊಂದು ಕಿಲೋಮೀಟರು. ದಿನಾ ಎಲ್ಲಿಗೆ ಹೋಗ್ತೀರಿ, ಗೇಟಿನ ತನಕವಾ?"

ಮುಖ ಬಿಸಿಯಾಯಿತು. "ಓಡಿಸಲ್ಲ. ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ, ಬ್ಯಾಟರಿ ಇಳೀಬಾರ್ದು ಅಂತ."

ಬ್ಯಾಟರಿಯ ಮಾತು ಸುಳ್ಳಲ್ಲ. ಆದರೆ ಆ ಹತ್ತು ನಿಮಿಷ ನಾನು ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಿದ್ದೆ. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು. ಓದಿದ್ದು ರಸಾಯನಶಾಸ್ತ್ರ; ಇಂಧನ ಅರೆಬರೆ ಉರಿದರೆ ಮಸಿಯಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು.

"ಹತ್ತು ನಿಮಿಷಕ್ಕೆ ಇಷ್ಟು ಮಸಿ ಕಟ್ಟಲ್ಲ," ಎಂದ ಕಿವಿಯಣ್ಣ. "ಇದು ನಿಂತಲ್ಲೇ ಅದರ ಮೂರರಷ್ಟು, ನಾಲ್ಕರಷ್ಟು ಉರಿದಿದೆ."

"ಇಲ್ಲ, ಹತ್ತೇ ನಿಮಿಷ."

ಅತ್ತೆ ಸೀಟಿನ ಹರಿದ ಸ್ಪಂಜನ್ನು ಬೆರಳಿನಿಂದ ಒಳಗೆ ತುರುಕುತ್ತಿದ್ದರು.

"ಮಧ್ಯಾಹ್ನ ನಾನೂ ಹಾಕ್ತಿದ್ದೆ," ಎಂದರು.

"ನೀವಾ?"

"ಯಾಕೆ, ಕೀ ತಿರುಗಿಸೋಕೂ ಲೈಸೆನ್ಸ್ ಬೇಕಾ? ನೀನು ಮಾತ್ರೆ ನುಂಗಿ ಮಲಗಿರ್ತಿದ್ದೆ. ಸ್ಟಾರ್ಟ್ ಮಾಡಿಟ್ಟು ಅಡುಗೆಮನೇಲಿ ಹೋಗಿ ಕೂರ್ತಿದ್ದೆ. ಅಲ್ಲಿಗೆ ನನ್ನ ಮಗ ಈಗ ಬಂದ ಹಾಗೇ ಕೇಳಿಸುತ್ತೆ ಕಣೇ." ಸ್ಪಂಜು ಮತ್ತೆ ಹೊರಗೆ ಬಂತು. "ಅರ್ಧ ಗಂಟೆ. ಒಂದೊಂದ್ಸಲ ಹೆಚ್ಚೂ ಆಗ್ತಿತ್ತು."

ಪೆಟ್ರೋಲು ಬೇಗ ಮುಗಿಯುತ್ತಿತ್ತು. ಟ್ಯಾಂಕು ಸೋರುತ್ತಿದೆ ಎಂದುಕೊಂಡಿದ್ದೆ.

ಕಿವಿಯಣ್ಣ ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. ಹೊಸ ಪ್ಲಗ್ ಹಾಕಿದ. ಆಮೇಲೆ ಕೆಳಗೆ ನುಸುಳಿ, ಹೊಗೆ ಕೊಳವೆಗೆ ಸಿಕ್ಕಿಸಿದ್ದ ಒಂದು ಸೆನ್ಸರನ್ನು ಬಿಚ್ಚಿದ. "ಈಗ ಒಳಗೆ ಕೂತು ಸ್ಟಾರ್ಟ್ ಮಾಡಿ, ರೇಸ್ ಕೊಡಿ ಅಕ್ಕ."

ಒತ್ತಿದೆ. ಸೆನ್ಸರ್ ಇದ್ದ ತೂತಿನಿಂದ ಹೊಗೆ ನುಗ್ಗಿತು, ತಗಡಿನ ಛಾವಣಿ ಅದುರಿತು, ಮುಳ್ಳು ನಾಲ್ಕೂವರೆ ಸಾವಿರಕ್ಕೆ ಹಾರಿತು.

"ಕಾಯಿಲೆ ಸಿಕ್ತು," ಎಂದ ಅವನು ಈಚೆ ಬಂದು. "ಎಂಜಿನ್ ಚೆನ್ನಾಗಿದೆ, ಹೊಗೆ ಹೋಗೋ ದಾರಿ ಕಟ್ಟಿದೆ. ಸೈಲೆನ್ಸರಿಗೆ ಮುಂಚೆ ಒಂದು ಡಬ್ಬಿ, ಅದರೊಳಗೆ ಜಾಲರಿ. ಅದಕ್ಕೆ ಮಸಿ ತುಂಬಿದೆ. ಹೊಸ ಡಬ್ಬಿ ಬರೋಕೆ ಎಂಟು ದಿನ."

"ಎಂಟು ದಿನ ಆಗಲ್ಲ ಅಣ್ಣ. ನಾಳೆ."

ಅವನು ಕೈ ಒರೆಸಿಕೊಂಡ. "ಜಾಲರಿ ಕರಗಿರದಿದ್ರೆ ಮಸಿ ಸುಟ್ಟುಹೋಗುತ್ತೆ. ಡಬ್ಬಿ ಚೆನ್ನಾಗಿ ಬಿಸಿಯಾಗಬೇಕು ಅಷ್ಟೆ. ಮೊದಲು ದೊಡ್ಡ ರಸ್ತೇಲಿ ಅರ್ಧ ಗಂಟೆ ಓಡಿಸಿ. ಆಮೇಲೆ ಸೆಕೆಂಡ್ ಗೇರಲ್ಲಿ ಏರು ಹತ್ತಿಸಿ, ಕಾಲು ಎತ್ತದೆ. ಮುಗ್ಗರಿಸಿದ್ರೂ ಎತ್ತಬೇಡಿ. ಮುಳ್ಳು ಮೇಲೆ ಹೋದ್ರೆ ನಾಳೆ ಕೆಲಸಕ್ಕೆ ಹೋಗಿ. ಹೋಗದಿದ್ರೆ ಇಲ್ಲಿಗೆ ತನ್ನಿ."

"ನೀವೇ ಹತ್ತಿಸಿಕೊಡಿ."

"ನಾಳೆಯಿಂದ ನಾನು ಬರ್ತೀನಾ?" ಸೆನ್ಸರ್ ಮತ್ತೆ ಬಿಗಿದು, ಬಾನೆಟ್ ಮುಚ್ಚಿದ. "ಇನ್ನೊಂದು. ನಿಂತಲ್ಲಿ ಉರಿಸಬೇಡಿ. ಇಬ್ರಿಗೂ ಹೇಳ್ತಿದ್ದೀನಿ."

ಅರ್ಧ ಗಂಟೆಯ ನಂತರ ಏರಿನ ಬುಡಕ್ಕೆ ಬಂದೆವು. ಸೆಕೆಂಡ್ ಗೇರು. ಒತ್ತಿದೆ. ಎರಡೂವರೆ ಸಾವಿರ. ಕಾರು ಮುಗ್ಗರಿಸಿದ್ದೇ ತಡ, ಕಾಲು ತಾನಾಗಿ ಮೇಲೆ ಬಂತು.

"ಎತ್ತಬೇಡ ಅಂದನಲ್ಲ!"

"ಗೊತ್ತಾಯ್ತು ಅತ್ತೆ."

ಮತ್ತೆ ಒತ್ತಿದೆ. ಸುಟ್ಟ ವಾಸನೆ. ಕನ್ನಡಿಯಲ್ಲಿ ಕಪ್ಪು ಹೊಗೆ. ಮುಗ್ಗರಿಕೆ ಸೀಟಿನಿಂದ ಬೆನ್ನಿಗೆ ತಾಗುತ್ತಿತ್ತು. ಪಾದ ಮರಗಟ್ಟಿತು. ಎತ್ತಲಿಲ್ಲ. ಅತ್ತೆ ಮುಂದಿನ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಒತ್ತಿ, ಕಾರನ್ನು ತಾವೇ ತಳ್ಳುತ್ತಿರುವವರ ಹಾಗೆ ಕೂತಿದ್ದರು. ಎರಡು ಸಾವಿರದ ಆರುನೂರು. ಮತ್ತೆ ಇಳಿಯಿತು. ತಿರುವಿನಲ್ಲಿ ಮೂರು ಸಾವಿರ. ಅಲ್ಲಿಂದ ಏನೋ ಸಡಿಲಿತು. ಮೂರೂವರೆ, ನಾಲ್ಕು. ಕಾರು ನಮ್ಮಿಬ್ಬರನ್ನೂ ಸೀಟಿಗೆ ಒರಗಿಸಿ ಮೇಲಕ್ಕೆ ಓಡಿತು.

ನೆತ್ತಿಯಲ್ಲಿ ಬದಿಗೆ ನಿಲ್ಲಿಸಿದೆ. ಕೆಳಗೆ ಜಲಾಶಯ, ಅದರ ದಡದಲ್ಲಿ ಪ್ರಯೋಗಾಲಯದ ಬಿಳಿ ಕಟ್ಟಡ.

"ಹಾಗಾದ್ರೆ ನಾಳೆ ಮಧ್ಯಾಹ್ನ ಗಾಡಿ ಮನೇಲಿರಲ್ಲ," ಎಂದರು ಅತ್ತೆ.

"ಇರಲ್ಲ."

"ಎಷ್ಟೊತ್ತಿಗೆ ಬರ್ತೀಯ?"

"ಐದೂವರೆ ಆಗಬಹುದು."

ಅತ್ತೆ ಬೆರಳು ಮಡಚಿ ಗಂಟೆ ಎಣಿಸಿದರು. "ಗೇಟಿನ ಹತ್ರ ಬಂದಾಗ ಒಂದ್ಸಲ ಜೋರಾಗಿ ರೇಸ್ ಕೊಡು. ಅಡುಗೆಮನೆಗೆ ಕೇಳಿಸಬೇಕು."

ಎಂಜಿನ್ ಇನ್ನೂ ಓಡುತ್ತಿತ್ತು. "ನಿಂತಲ್ಲಿ ಉರಿಸಬಾರದಂತೆ," ಎಂದು ಅತ್ತೆ ನನ್ನ ಕಡೆಗೆ ಬಾಗಿ, ಕತ್ತಲಲ್ಲೂ ದಾರಿ ಗೊತ್ತಿರುವ ಕೈಯಿಂದ ಕೀ ತಿರುಗಿಸಿದರು.